ಆರೈಕೆಯೇ ಆರಾಧನೆ



ಈ ದಿನ ನಾವು ಚಿಂತನೆಗೆ ತೆಗೆದುಕೊಂಡಿರುವ ವಿಷಯ ಶಾಸ್ತ್ರದ್ದಲ್ಲ, ಮನೆಯದು. ಹುಟ್ಟುವಾಗಲೇ ಬೇನೆಯನ್ನು ಹೊತ್ತು ಬಂದ ಕೂಸನ್ನು ಸಾಕುವುದು ಹೇಗೆ? ಅದಕ್ಕೆ ದೊಡ್ಡ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ ಮನೆಯವರು ಏನು ಮಾಡಬೇಕು? ಆಪರೇಷನ್ ಮುಗಿಸಿ ಮನೆಗೆ ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು? ಇದನ್ನು ಮಠದಲ್ಲಿ ಏಕೆ ಮಾತನಾಡಬೇಕು ಎಂದು ನೀವು ಕೇಳಬಹುದು. ಅಂಥ ಕೂಸನ್ನು ಎತ್ತಿಕೊಂಡ ತಾಯಿ ಮೊದಲು ಬರುವುದು ಮಠಕ್ಕೆ, ಆದ್ದರಿಂದ ಮಾತನಾಡಬೇಕು. ಅವಳು ಬಂದಾಗ ಬರಿಯ ಆಶೀರ್ವಾದ ಕೊಟ್ಟು ಕಳಿಸಿದರೆ ಸಾಲದು. ದಾರಿಯನ್ನೂ ತೋರಿಸಬೇಕು.

ಮೊದಲು ಈ ಬೇನೆ ಎಂಥದೆಂದು ತಿಳಿಯೋಣ. ಬೇನೆಗಳು ನೂರಾರು. ಎಲ್ಲವನ್ನೂ ಹೇಳುತ್ತ ಹೋದರೆ ಒಂದೂ ತಿಳಿಯುವುದಿಲ್ಲ. ಆದ್ದರಿಂದ ಒಂದನ್ನು ಹಿಡಿದುಕೊಳ್ಳೋಣ. ಒಂದು ಸಾವಿರ ಕೂಸುಗಳು ಹುಟ್ಟಿದರೆ ಸುಮಾರು ಎಂಟೊಂಬತ್ತು ಕೂಸುಗಳ ಹೃದಯದಲ್ಲಿ ಏನಾದರೊಂದು ಕೊರತೆ ಇರುತ್ತದೆ. ಕೆಲವು ಸಣ್ಣವು, ತಾವೇ ಮುಚ್ಚಿಕೊಳ್ಳುತ್ತವೆ. ಕೆಲವು ದೊಡ್ಡವು. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯಲ್ಲಿ ಹುಟ್ಟಿದ ಮಕ್ಕಳಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಆ ಮಕ್ಕಳನ್ನು ನೀವು ನೋಡಿದ್ದೀರಿ. ದುಂಡು ಮುಖ, ಓರೆಯಾದ ಪುಟ್ಟ ಕಣ್ಣು, ಮೆತ್ತನೆಯ ಮೈ. ನಡೆ ನುಡಿ ಸ್ವಲ್ಪ ನಿಧಾನ. ನಗು ಮಾತ್ರ ಧಾರಾಳ.

ನಮ್ಮ ಹೃದಯ ನಾಲ್ಕು ಕೋಣೆಗಳ ಒಂದು ಮನೆ. ಬಲಗಡೆ ಎರಡು, ಎಡಗಡೆ ಎರಡು. ನಡುವೆ ಗೋಡೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಒಂದೊಂದು ಬಾಗಿಲು, ಅದಕ್ಕೆ ಕವಾಟವೆನ್ನುತ್ತಾರೆ. ಬಲಗಡೆಯ ರಕ್ತ ಪುಪ್ಪುಸಕ್ಕೆ ಹೋಗಿ ಗಾಳಿ ಕುಡಿದು ಬರುತ್ತದೆ. ಎಡಗಡೆಯ ರಕ್ತ ಮೈಯೆಲ್ಲ ಸುತ್ತುತ್ತದೆ. ಕೆಲವು ಕೂಸುಗಳಲ್ಲಿ ನಾಲ್ಕು ಕೋಣೆ ಕೂಡುವ ನಟ್ಟನಡುವಿನ ಜಾಗದಲ್ಲೇ ಗೋಡೆ ಕಟ್ಟಿರುವುದಿಲ್ಲ. ಎರಡು ಬಾಗಿಲು ಇರಬೇಕಾದಲ್ಲಿ ಒಂದೇ ದೊಡ್ಡ ಬಾಗಿಲು. ಆಗ ಏನಾಗುತ್ತದೆ? ಮೈಗೆ ಹೋಗಬೇಕಾದ ರಕ್ತ ಪುಪ್ಪುಸಕ್ಕೆ ನುಗ್ಗುತ್ತದೆ. ಕಾಲುವೆಯ ಒಡ್ಡು ಒಡೆದರೆ ಒಂದು ಹೊಲ ಕೆಸರಾಗಿ ಇನ್ನೊಂದು ಹೊಲ ಒಣಗುವುದಿಲ್ಲವೇ, ಹಾಗೆ.

ಅದರ ಗುರುತುಗಳನ್ನು ತಾಯಂದಿರು ತಿಳಿದಿರಬೇಕು. ಮೊಲೆ ಕುಡಿಯುವಾಗ ಕೂಸಿನ ಹಣೆಯ ಮೇಲೆ ಬೆವರು ಮೂಡುತ್ತದೆ. ನಾಲ್ಕು ಗುಟುಕು ಕುಡಿದು ದಣಿದು ಬಿಟ್ಟುಬಿಡುತ್ತದೆ. ಉಸಿರು ಮೇಲೆ ಮೇಲೆ ಆಡುತ್ತದೆ, ಪಕ್ಕೆ ಒಳಗೆ ಸೇದುತ್ತದೆ. ತಿಂಗಳು ಕಳೆದರೂ ತೂಕ ಏರುವುದಿಲ್ಲ. ಮೇಲಿಂದ ಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ. ಇನ್ನು ಕೆಲವು ಹೃದಯದ ದೋಷಗಳಲ್ಲಿ ತುಟಿ, ಉಗುರು ನೀಲಿಯಾಗುತ್ತವೆ. ಅಜ್ಜಿಯರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಅದು ಅವರ ಅಂತಃಕರಣ, ನಾವು ಹಳಿಯುವುದಿಲ್ಲ. ಆದರೆ ನಿವಾಳಿಸಿದ ಬಳಿಕ ಅಂದೇ ದವಾಖಾನೆಗೆ ಹೊರಡಿರಿ. ಎದೆಯ ಎಕೋ ಪರೀಕ್ಷೆ ಮಾಡಿಸಿದರೆ ಒಳಗಿನದು ಕಣ್ಣಿಗೆ ಕಾಣುತ್ತದೆ. ಅದರಲ್ಲಿ ನೋವಿಲ್ಲ, ಸೂಜಿಯೂ ಇಲ್ಲ.

ಅಂಥ ಕೂಸು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು ಬಲ್ಲಿರಾ? ಇದು ಯಾರ ತಪ್ಪು ಎಂಬುದು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎನ್ನುತ್ತಾರೆ. ಅವಳ ಕಾಲ್ಗುಣ ಎನ್ನುತ್ತಾರೆ. ಹಿಂದಿನ ಜನ್ಮದ ಪಾಪ ಎನ್ನುತ್ತಾರೆ. ಹೆತ್ತು ಬಳಲಿದ ಆ ಹೆಣ್ಣುಮಗಳು ಈ ಮಾತುಗಳನ್ನು ಕೇಳುತ್ತ ಬಾಣಂತಿಕೋಣೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ. ಇದು ನ್ಯಾಯವೇ? ವಿಜ್ಞಾನ ಏನು ಹೇಳುತ್ತದೆ ಕೇಳಿರಿ. ನಮ್ಮ ಮೈಯ ಕಣಕಣದಲ್ಲಿ ನಲವತ್ತಾರು ವರ್ಣತಂತುಗಳಿವೆ. ಡೌನ್ ಸ್ಥಿತಿಯ ಮಗುವಿನಲ್ಲಿ ಇಪ್ಪತ್ತೊಂದನೆಯ ತಂತು ಎರಡರ ಬದಲು ಮೂರು ಇರುತ್ತದೆ. ಇದನ್ನು 1959ರಲ್ಲಿ ಫ್ರಾನ್ಸ್ ದೇಶದ ವೈದ್ಯರು ಕಂಡುಹಿಡಿದು ಪ್ರಕಟಿಸಿದರು. ಅದು ಕೂಸು ಮೂಡುವ ಗಳಿಗೆಯಲ್ಲೇ ಆಗಿಹೋಗುವ ಸಂಗತಿ. ತಾಯಿ ಉಂಡದ್ದಕ್ಕೂ ನೋಡಿದ್ದಕ್ಕೂ ನಡೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ತಾಯಿಯ ವಯಸ್ಸು ಹೆಚ್ಚಾದಂತೆ ಅದರ ಸಂಭವ ಹೆಚ್ಚುತ್ತದೆ ಎಂಬುದು ನಿಜ. ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಹುಟ್ಟುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಿಬಿಡಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು, ಸೋದರಮಾವನ ಮಗಳನ್ನು ತರುವುದು ಹಿಂದಿನಿಂದ ನಡೆದು ಬಂದಿದೆ. ಹೊಲ ಮನೆ ಹೊರಗೆ ಹೋಗಬಾರದೆಂಬ ಲೆಕ್ಕ ಅದು. ಡೌನ್ ಸ್ಥಿತಿಗೆ ಅದು ಕಾರಣವಲ್ಲ. ಆದರೆ ಬೇರೆ ಅನೇಕ ಹುಟ್ಟುಬೇನೆಗಳು ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚು. ಆಗಿಹೋದ ಮದುವೆಯನ್ನು ಎತ್ತಿ ಆಡುವುದು ಬೇಡ. ಮುಂದೆ ಮಾಡುವ ಮದುವೆಯಲ್ಲಿ ಹಿರಿಯರು ವಿಚಾರ ಮಾಡಬೇಕು.

ಈಗ ಮುಖ್ಯ ಮಾತಿಗೆ ಬರೋಣ. ಅದು ಕಾಲದ ಮಾತು. ರೈತನಿಗೆ ಹದವೇ ಎಲ್ಲ. ಹದ ಮೀರಿದ ಮೇಲೆ ಎಷ್ಟು ಒಳ್ಳೆಯ ಬೀಜ ಬಿತ್ತಿದರೂ ಫಲವಿಲ್ಲ. ಈ ಹೃದಯದ ದೋಷಕ್ಕೂ ಒಂದು ಹದವಿದೆ. ಪುಪ್ಪುಸಕ್ಕೆ ದಿನವೂ ಹೆಚ್ಚು ರಕ್ತ ನುಗ್ಗಿ ನುಗ್ಗಿ ಅಲ್ಲಿನ ನಾಳಗಳು ದಪ್ಪವಾಗಿ ಬಿಗಿದುಕೊಳ್ಳುತ್ತವೆ. ಒಂದು ಹಂತದವರೆಗೆ ಅದು ಸರಿಹೋಗುತ್ತದೆ. ಆ ಹಂತ ದಾಟಿದರೆ ಗೋಡೆ ಮುಚ್ಚಿದರೂ ಪ್ರಯೋಜನವಿಲ್ಲ, ಮುಚ್ಚುವುದೇ ಅಪಾಯವಾಗುತ್ತದೆ. ಡೌನ್ ಸ್ಥಿತಿಯ ಮಕ್ಕಳಲ್ಲಿ ಆ ಹಂತ ಬಹು ಬೇಗ ಬರುತ್ತದೆ. ಆದ್ದರಿಂದಲೇ ನಡುಗೋಡೆ ಪೂರ್ತಿ ತೆರೆದಿರುವ ಕೂಸಿಗೆ ಮೂರರಿಂದ ಆರು ತಿಂಗಳೊಳಗೆ ಆಪರೇಷನ್ ಆಗಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ.

ಒಮ್ಮೆ ಒಬ್ಬ ತಾಯಿ ನಾಲ್ಕು ತಿಂಗಳ ಕೂಸನ್ನು ತಂದು ಪಾದದ ಹತ್ತಿರ ಮಲಗಿಸಿದಳು. ಜೊತೆಗೆ ಅತ್ತೆ ಇದ್ದಳು. ‘ಅಜ್ಜಾರ, ಒಂದು ತಾಯಿತ ಮಾಡಿ ಕಟ್ಟರಿ’ ಎಂದಳು ಅತ್ತೆ. ‘ಡಾಕ್ಟರು ಏನಂದಾರವ್ವಾ?’ ಎಂದು ಕೇಳಿದೆವು. ಸೊಸೆ ಸೆರಗಿನಿಂದ ಮಡಚಿದ ಕಾಗದ ತೆಗೆದಳು. ಆಪರೇಷನ್ನಿಗೆ ತಾರೀಕು ಕೊಟ್ಟು ಮೂರು ವಾರ ಕಳೆದಿತ್ತು. ‘ಯಾಕ ಹೋಗಲಿಲ್ಲ?’ ಎಂದರೆ ಅತ್ತೆ ಹೇಳಿದಳು: ‘ಅಷ್ಟು ಸಣ್ಣ ಕೂಸಿನ ಎದೀ ಹೆಂಗ ಕೊಯ್ಸೂದ್ರೀ ಅಜ್ಜಾರ? ವರ್ಷ ತುಂಬಲಿ, ಒಂಚೂರು ಗಟ್ಟಿ ಆಗಲಿ ಅಂತ ಬಿಟ್ಟೀವಿ.’ ಆ ಮುದುಕಿಯ ಮಾತಿನಲ್ಲಿ ಕೆಡುಕಿರಲಿಲ್ಲ, ಮಮತೆ ಇತ್ತು. ಆದರೆ ತಿಳುವಳಿಕೆ ಇಲ್ಲದ ಮಮತೆ ಕೂಸನ್ನು ಕೊಲ್ಲುತ್ತದೆ. ‘ಯವ್ವಾ, ಗಟ್ಟಿ ಆಗ್ತದ ಖರೆ, ಆದರ ಗಟ್ಟಿ ಆಗೂದು ಕೂಸಲ್ಲ, ಅದರ ಪುಪ್ಪುಸದ ನರ. ಆಶೀರ್ವಾದ ಇಲ್ಲೇ ಕೊಟ್ಟೀವಿ. ನಾಳೆ ಮುಂಜಾನೆ ಬಸ್ಸು ಹತ್ತರಿ’ ಎಂದೆವು. ಹೋದರು. ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ಮಾತು ಇನ್ನೂ ತೊದಲು. ಆದರೆ ಓಡಿದರೆ ಉಸಿರು ಕಟ್ಟುವುದಿಲ್ಲ.

ಎದೆ ಕೊಯ್ಯುವುದು ಎಂದರೆ ಭಯವೇನೋ ಸಹಜ. ಆದರೆ ಈ ವಿದ್ಯೆ ಎಷ್ಟು ಜನರ ತಪಸ್ಸಿನಿಂದ ಬಂದಿದೆ ಎಂಬುದನ್ನು ತಿಳಿದರೆ ಭಯದ ಜಾಗದಲ್ಲಿ ಗೌರವ ಮೂಡುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟೌಸಿಗ್ ಎಂಬ ವೈದ್ಯೆ ಇದ್ದಳು. ಆಕೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹೃದಯದ ಬಡಿತವನ್ನು ಬೆರಳ ತುದಿಯಿಂದ ಮುಟ್ಟಿ ಅರಿಯುತ್ತಿದ್ದಳು. ಮೈ ನೀಲಿಯಾಗಿ ಸಾಯುತ್ತಿದ್ದ ಕೂಸುಗಳನ್ನು ಕಂಡು ಆಕೆ ಸುಮ್ಮನಿರಲಾರದೆ, ಪುಪ್ಪುಸಕ್ಕೆ ರಕ್ತ ಹೋಗುವ ಇನ್ನೊಂದು ದಾರಿ ಮಾಡಲಾಗದೇ ಎಂದು ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲೇಲಾಕ್‌ನನ್ನು ಕೇಳಿದಳು. ಆ ದಾರಿಯನ್ನು ಪ್ರಯೋಗಶಾಲೆಯಲ್ಲಿ ಮಾಡಿ ಕಲಿತವನು ವಿವಿಯನ್ ಥಾಮಸ್ ಎಂಬ ಕಪ್ಪು ವರ್ಣದ ಸಹಾಯಕ. ಬಡಗಿಯ ಕೆಲಸ ಬಲ್ಲವನು. ಡಾಕ್ಟರನಾಗಬೇಕೆಂಬ ಆಸೆಯಿದ್ದರೂ ಹಣವಿಲ್ಲದೆ ಅದು ಕೈಗೂಡಲಿಲ್ಲ. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಕೂಸಿಗೆ ಮೊದಲ ಬಾರಿ ಆ ಶಸ್ತ್ರಕ್ರಿಯೆ ಆಯಿತು. ದೊಡ್ಡ ವೈದ್ಯ ಬ್ಲೇಲಾಕ್ ಕೈ ಮಾಡುತ್ತಿದ್ದರೆ ಥಾಮಸ್ ಅವನ ಹೆಗಲ ಹಿಂದೆ ಮಣೆಯ ಮೇಲೆ ನಿಂತು ಹೀಗೆ ಮಾಡಿರಿ, ಹಾಗೆ ಮಾಡಿರಿ ಎಂದು ಹೇಳುತ್ತಿದ್ದ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಅಲ್ಲಿ ಅದು ಕೈಯಲ್ಲಿ ನಡೆಯಿತು. ಆದರೂ ಲೋಕ ಅವನನ್ನು ಬೇಗ ಗುರುತಿಸಲಿಲ್ಲ. 1976ರಲ್ಲಿ, ಮೂವತ್ತೆರಡು ವರ್ಷಗಳ ನಂತರ, ಆ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇನ್ನೊಂದು ಸಂಗತಿ ಕೇಳಿರಿ. ಹೃದಯವನ್ನು ತೆರೆದು ಒಳಗೆ ಹೊಲಿಯಬೇಕಾದರೆ ಅಷ್ಟು ಹೊತ್ತು ಹೃದಯದ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಲ್ಲ? ಈಗ ಅದಕ್ಕೆ ಯಂತ್ರವಿದೆ. ಆಗ ಯಂತ್ರ ಇನ್ನೂ ನಂಬಿಕೆಗೆ ಬಂದಿರಲಿಲ್ಲ. 1954ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ವಾಲ್ಟನ್ ಲಿಲಹೈ ಎಂಬ ವೈದ್ಯ ಏನು ಮಾಡಿದ ಗೊತ್ತೆ? ಕೂಸಿನ ಪಕ್ಕದಲ್ಲಿ ತಂದೆಯನ್ನೇ ಮಲಗಿಸಿದ. ಇಬ್ಬರ ರಕ್ತನಾಳಗಳನ್ನು ನಳಿಗೆಗಳಿಂದ ಕೂಡಿಸಿದ. ತಂದೆಯ ಹೃದಯ ತನಗಾಗಿಯೂ ಬಡಿಯಿತು, ಮಗನಿಗಾಗಿಯೂ ಬಡಿಯಿತು. ತಂದೆಯ ಪುಪ್ಪುಸ ಇಬ್ಬರಿಗಾಗಿ ಉಸಿರಾಡಿತು. ಆ ಮೊದಲ ಕೂಸು ಶಸ್ತ್ರಕ್ರಿಯೆಯನ್ನು ದಾಟಿತು. ಆದರೆ ಹನ್ನೊಂದು ದಿನಗಳ ಬಳಿಕ ನ್ಯುಮೋನಿಯಾದಿಂದ ತೀರಿಕೊಂಡಿತು. ವೈದ್ಯರು ಕೈಬಿಡಲಿಲ್ಲ. 1954 ಮತ್ತು 1955ರಲ್ಲಿ ನಲವತ್ತೈದು ರೋಗಿಗಳಿಗೆ ಹಾಗೆ ಮಾಡಿದರು. ಇಪ್ಪತ್ತೆಂಟು ಜನ ಬದುಕಿ ಮನೆಗೆ ಹೋದರು. ನಾವು ಈಗ ಹೇಳುತ್ತಿರುವ ನಡುಗೋಡೆಯ ದೋಷವನ್ನು ಮೊದಲ ಬಾರಿಗೆ ಸರಿಪಡಿಸಿದ್ದೂ ಆ ವಿಧಾನದಿಂದಲೇ. ಇಂದು ನಿಮ್ಮ ಮನೆಯ ಕೂಸು ಬದುಕಿ ಬಂದರೆ, ಆ ಹೆಸರಿಲ್ಲದ ತಂದೆತಾಯಿಗಳ ಋಣವೂ ಅದರ ಮೇಲಿದೆ ಎಂದು ತಿಳಿಯಿರಿ.

ಹಣದ ಚಿಂತೆ ದೊಡ್ಡದು, ಬಲ್ಲೆವು. ಹೊಲ ಒತ್ತೆ ಇಡುವ ಮೊದಲು ಕೇಳಿ ತಿಳಿಯಿರಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬುದು ನಡೆದಿದೆ. ಹುಟ್ಟಿದಂದಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲಿ, ಸರಕಾರಿ ಶಾಲೆಯಲ್ಲಿ ಪರೀಕ್ಷಿಸಿ, ಹೃದಯದ ದೋಷ, ಸೀಳುತುಟಿ, ಡೌನ್ ಸ್ಥಿತಿ ಮೊದಲಾದವು ಕಂಡರೆ ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಅದರಲ್ಲಿ ಸೌಲಭ್ಯವಿದೆ. ಬೆಂಗಳೂರಿನಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ. ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣದ ಕೌಂಟರೇ ಇಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿರಿ, ತಾಲೂಕು ಆಸ್ಪತ್ರೆಯಲ್ಲಿ ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಬಡ್ಡಿ ಸಾಲಕ್ಕೆ ಕೈಯೊಡ್ಡುವ ಮೊದಲು ಇಷ್ಟು ಬಾಗಿಲು ತಟ್ಟಿ ನೋಡಿರಿ.

ಇನ್ನು ಆಪರೇಷನ್ನಿಗೆ ಮುಂಚಿನ ಆರೈಕೆ. ಈ ಕೂಸು ಬೇಗ ದಣಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ತಾಸಿಗೊಮ್ಮೆ ಹಾಲೂಡಬೇಕು. ತಲೆ ಎತ್ತರವಾಗಿ ಹಿಡಿಯಬೇಕು. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಜಗ್ಗಿದರೆ ಕುಡಿದದ್ದಕ್ಕಿಂತ ದಣಿದದ್ದೇ ಹೆಚ್ಚಾಗುತ್ತದೆ. ತೂಕ ಏರದಿದ್ದರೆ ಡಾಕ್ಟರು ಮೂಗಿನಿಂದ ನಳಿಗೆ ಇಟ್ಟು ಹಾಲು ಹಾಕಲು ಹೇಳಬಹುದು. ಅದನ್ನು ನೋಡಿ ತಾಯಿ ಎದೆಗುಂದಬಾರದು. ನಳಿಗೆಯಿಂದ ಹೋದರೂ ಅದು ನಿನ್ನ ಹಾಲೇ ತಾಯಿ. ಲಸಿಕೆಗಳನ್ನು ಬಿಡಬಾರದು. ನೆಗಡಿ ಜ್ವರವಿದ್ದರೆ ಮುಚ್ಚಿಡದೆ ಹೇಳಬೇಕು. ತಾರೀಕು ಮುಂದೆ ಹೋದರೂ ಚಿಂತೆಯಿಲ್ಲ. ಡೌನ್ ಸ್ಥಿತಿಯ ಮಕ್ಕಳಿಗೆ ಕುತ್ತಿಗೆಯ ಕಟ್ಟು ಸಡಿಲ, ಶ್ವಾಸನಾಳ ಕಿರಿದು. ಅರಿವಳಿಕೆ ಕೊಡುವ ಡಾಕ್ಟರು ಬಂದಾಗ ಕೂಸಿನ ಎಲ್ಲ ಕಾಗದ ತೋರಿಸಿ, ಹಿಂದೆ ಆದದ್ದನ್ನೆಲ್ಲ ಹೇಳಬೇಕು.

ಉಪವಾಸದ ಮಾತು ಬಹು ಮುಖ್ಯ. ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಹಾಲಿದ್ದರೆ ಅದು ಮೇಲೆ ಬಂದು ಪುಪ್ಪುಸಕ್ಕೆ ಇಳಿಯುವ ಭಯ. ಆದ್ದರಿಂದ ತಾಯಿಹಾಲು ಸಾಮಾನ್ಯವಾಗಿ ನಾಲ್ಕು ತಾಸು ಮೊದಲು, ಆಕಳ ಹಾಲು ಡಬ್ಬಿ ಹಾಲು ಆರು ತಾಸು ಮೊದಲು ನಿಲ್ಲಿಸುತ್ತಾರೆ. ನಿಮ್ಮ ಡಾಕ್ಟರು ಹೇಳಿದ ಹೊತ್ತೇ ನಿಮಗೆ ಪ್ರಮಾಣ. ಕೂಸು ಅಳುತ್ತದೆ, ಕರುಳು ಕಿವುಚುತ್ತದೆ. ಅಜ್ಜಿ ಕದ್ದು ಒಂದು ಚಮಚ ಹಾಲು ಹಾಕುತ್ತಾಳೆ. ಹಾಕಬಾರದು. ಆ ಒಂದು ಚಮಚ ಪ್ರೀತಿಯಲ್ಲ, ವಿಷ.

ನಮ್ಮ ಭಕ್ತರು ಕೇಳುವ ಒಂದು ಪ್ರಶ್ನೆ ಇದೆ. ಲಿಂಗಧಾರಣೆಯಾದ ಕೂಸಿನ ಕೊರಳಿನ ಶಿವದಾರ, ಕರಡಿಗೆಗಳನ್ನು ಆಪರೇಷನ್ ಕೋಣೆಯಲ್ಲಿ ತೆಗೆಯಿರಿ ಎನ್ನುತ್ತಾರೆ, ತೆಗೆಯಬಹುದೇ ಎಂದು. ತೆಗೆಯಿರಿ. ಆ ಕೋಣೆಯಲ್ಲಿ ಕಣ್ಣಿಗೆ ಕಾಣದ ಹೊಲಸೂ ಹೋಗಬಾರದು; ಕೊರಳಲ್ಲಿ ದಾರವೂ ಇರಬಾರದು. ಅಷ್ಟು ಹೊತ್ತು ತಾಯಿ ಅದನ್ನು ತನ್ನ ಅಂಗೈಯಲ್ಲಿ ಹಿಡಿದು ಕೂಡಲಿ. ಇದರಲ್ಲಿ ವ್ರತಭಂಗವಿಲ್ಲ. ಇದನ್ನು ಗುರುವಿನ ಅಪ್ಪಣೆ ಎಂದೇ ತಿಳಿದುಕೊಳ್ಳಿರಿ.

ಆಪರೇಷನ್ ಮುಗಿದ ಮೇಲೆ ಐ.ಸಿ.ಯು. ಎಂಬ ಕೋಣೆಯಲ್ಲಿ ಕೂಸನ್ನು ಇಡುತ್ತಾರೆ. ಮೊದಲ ಸಲ ನೋಡಿದ ತಂದೆತಾಯಿಗಳು ಬವಳಿ ಬಂದು ಬೀಳುವುದುಂಟು. ಬಾಯಲ್ಲಿ ಉಸಿರಿನ ನಳಿಗೆ. ಎದೆಯ ಪಕ್ಕದಲ್ಲಿ ರಕ್ತ ಬಸಿಯುವ ನಳಿಗೆ. ಕೈ, ಕೊರಳು, ಮೂತ್ರದ ದಾರಿ, ಎಲ್ಲೆಲ್ಲೂ ನಳಿಗೆ. ಮುಖ ಊದಿರುತ್ತದೆ. ಯಂತ್ರಗಳು ಕೂಗುತ್ತಿರುತ್ತವೆ. ಮೊದಲೇ ತಿಳಿದಿದ್ದರೆ ಧೈರ್ಯ ಉಳಿಯುತ್ತದೆ, ಅದಕ್ಕಾಗಿಯೇ ಹೇಳುತ್ತಿದ್ದೇವೆ. ಪ್ರತಿ ಕೂಗೂ ಅಪಾಯವಲ್ಲ. ಒಂದೊಂದು ನಳಿಗೆ ತೆಗೆದಂತೆ ಒಂದೊಂದು ಹೆಜ್ಜೆ ಮುಂದೆ ಬಂದಂತೆ. ಕೆಲವು ಕೂಸುಗಳು ಎರಡು ದಿನಕ್ಕೆ ಯಂತ್ರ ಬಿಡುತ್ತವೆ. ಕೆಲವು ಎರಡು ವಾರಕ್ಕೆ. ಒಂದು ದಿನ ಮುಂದೆ, ಒಂದು ದಿನ ಹಿಂದೆ. ಪಕ್ಕದ ಮಂಚದ ಕೂಸಿಗೆ ಹೋಲಿಸಬೇಡಿರಿ. ನರ್ಸಮ್ಮ ಬಿಟ್ಟರೆ ಕೈ ತೊಳೆದು ಕೂಸಿನ ಪಾದ ಹಿಡಿದು ನಿಲ್ಲಿರಿ, ಮನೆಯಲ್ಲಿ ಹಾಡುವ ಜೋಗುಳವನ್ನೇ ಮೆಲ್ಲಗೆ ಹಾಡಿರಿ. ನೂರು ಅಪರಿಚಿತ ದನಿಗಳ ನಡುವೆ ಅದಕ್ಕೆ ಗೊತ್ತಿರುವುದು ನಿಮ್ಮ ದನಿಯೊಂದೇ.

ಮನೆಗೆ ತಂದ ಮೇಲೆ ನಿಜವಾದ ತಪಸ್ಸು ಶುರು. ಅಲ್ಲಿ ಹತ್ತು ಜನ ನೋಡುತ್ತಿದ್ದರು, ಇಲ್ಲಿ ನೀವೇ. ಎದೆಯ ನಡುವಿನ ಎಲುಬನ್ನು ಸೀಳಿ ಮತ್ತೆ ಕೂಡಿಸಿರುತ್ತಾರೆ. ಅದು ಬೆಸೆಯಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕೂಸಿನ ಕಂಕುಳಲ್ಲಿ ಕೈ ಹಾಕಿ ಎತ್ತಬಾರದು, ಕೈ ಹಿಡಿದು ಜಗ್ಗಬಾರದು. ಒಂದು ಕೈ ತಲೆ ಹೆಗಲುಗಳ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ ಕೊಟ್ಟು, ತುಂಬಿದ ಮರವನ್ನು ಎತ್ತಿದ ಹಾಗೆ ಎತ್ತಬೇಕು. ಮನೆಗೆ ಬಂದವರೆಲ್ಲರಿಗೂ ಇದನ್ನು ಹೇಳಬೇಕು. ಗಾಯಕ್ಕೆ ಅರಿಶಿನ ಬೇಡ, ಎಣ್ಣೆ ಬೇಡ, ನಾಟಿ ಸೊಪ್ಪು ಬೇಡ. ವಿಭೂತಿಯನ್ನು ಹಣೆಗೆ ಹಚ್ಚಿರಿ, ಗಾಯಕ್ಕೆ ಹಚ್ಚಬೇಡಿರಿ. ಗಾಯ ಶುಚಿಯಾಗಿ, ಒಣಗಿ ಇದ್ದರೆ ಸಾಕು, ಅದು ತಾನೇ ಮಾಯುತ್ತದೆ.

ಔಷಧಿಯನ್ನು ಮನೆಯ ಚಮಚದಿಂದ ಅಳೆಯಬೇಡಿರಿ. ಅವರು ಕೊಟ್ಟ ಸಿರಿಂಜಿನಿಂದಲೇ ಗೆರೆ ನೋಡಿ ಕೊಡಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು ಬರೆದು, ಕೊಟ್ಟ ಕೂಡಲೇ ಗುರುತು ಹಾಕಿರಿ. ಇಲ್ಲದಿದ್ದರೆ ತಾಯಿ ಒಮ್ಮೆ, ಅಜ್ಜಿ ಒಮ್ಮೆ ಎಂದು ಎರಡು ಸಲ ಆಗುತ್ತದೆ. ವಾಂತಿಯಾದರೆ ಕೇಳದೆ ಮತ್ತೆ ಕೊಡಬೇಡಿರಿ. ಕೂಸು ನಗುತ್ತಿದೆ, ಇನ್ನು ಔಷಧಿ ಯಾಕೆ ಎಂದು ನಿಲ್ಲಿಸಬೇಡಿರಿ. ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿಟ್ಟು ಬಾಗಿಲ ಹತ್ತಿರ ತೂಗುಹಾಕಿರಿ. ರಾತ್ರಿ ಹನ್ನೆರಡಕ್ಕೆ ಓಡಬೇಕಾದರೆ ಹುಡುಕಬಾರದು. ಯಾವಾಗ ಓಡಬೇಕು? ಜ್ವರ ನೂರು ಡಿಗ್ರಿ ದಾಟಿದರೆ. ಗಾಯ ಕೆಂಪಾಗಿ ಕೀವು ಬಂದರೆ. ಉಸಿರು ಮೇಲೆ ಮೇಲೆ ಬಂದರೆ. ಹಾಲು ಬಿಟ್ಟರೆ. ಮೂತ್ರ ಕಡಿಮೆಯಾದರೆ, ಕಣ್ಣಿನ ಸುತ್ತ ಬಾವು ಬಂದರೆ. ಹೃದಯದ ಸುತ್ತ ನೀರು ಕೂಡುವುದುಂಟು. ಅದಕ್ಕೆ ನಾಳೆ ನೋಡೋಣ ಎನ್ನಬಾರದು. ತುಟಿ ನೀಲಿಯಾದರೆ ಆ ಗಳಿಗೆಯೇ 108ಕ್ಕೆ ಫೋನು ಮಾಡಿರಿ.

ಇಷ್ಟಕ್ಕೆ ಮುಗಿಯಿತೆಂದು ತಿಳಿಯಬಾರದು. ಹೊಲಿದ ಕವಾಟ ಸ್ವಲ್ಪ ಸೋರಬಹುದು. ಕೆಲವರಿಗೆ ಮುಂದೆ ಇನ್ನೊಮ್ಮೆ ಆಪರೇಷನ್ ಬೇಕಾಗಬಹುದು. ವರ್ಷವರ್ಷವೂ ತೋರಿಸಬೇಕು. ಡೌನ್ ಸ್ಥಿತಿಯ ಮಕ್ಕಳಿಗೆ ಥೈರಾಯ್ಡ್, ಕಿವಿ, ಕಣ್ಣು ಇವನ್ನೂ ಪರೀಕ್ಷಿಸುತ್ತಿರಬೇಕು. ಹಲ್ಲಿನ ಹುಳುಕಿನಿಂದ ರೋಗಾಣು ರಕ್ತಕ್ಕಿಳಿದು ಹೃದಯ ಸೇರಬಲ್ಲದು; ಹಲ್ಲನ್ನು ಚೊಕ್ಕಟವಾಗಿ ಇಡಬೇಕು, ಹಲ್ಲು ಕೀಳಿಸುವ ಮೊದಲು ಹೃದಯದ ಆಪರೇಷನ್ ಆಗಿದೆ ಎಂದು ಹೇಳಬೇಕು. ಕೂತುಕೊಳ್ಳುವುದನ್ನು, ನಿಲ್ಲುವುದನ್ನು, ಮಾತನ್ನು ಕಲಿಸುವ ವ್ಯಾಯಾಮಗಳಿವೆ, ದಿನವೂ ಮಾಡಿಸಬೇಕು. ಬೇರೆ ಮಕ್ಕಳು ವರ್ಷಕ್ಕೆ ನಡೆದರೆ ಇದು ಎರಡು ವರ್ಷಕ್ಕೆ ನಡೆಯಬಹುದು. ನಡೆಯುತ್ತದೆಯಲ್ಲ! ಹೃದಯ ಸರಿಯಾಯಿತು, ಬುದ್ಧಿ ಯಾಕೆ ಸರಿಯಾಗಲಿಲ್ಲ ಎಂದು ಕೆಲವರು ಕೇಳುತ್ತಾರೆ. ಆಪರೇಷನ್ ಗೋಡೆಯನ್ನು ಕಟ್ಟಿತು. ಕೂಸನ್ನು ಬೇರೆ ಮಾಡಲಿಲ್ಲ. ಆ ಕೂಸು ಹೇಗಿದೆಯೋ ಹಾಗೆಯೇ ನಿಮ್ಮದು.

ಸ್ವಲ್ಪ ದೊಡ್ಡ ಮಗುವಿಗೆ ಆಪರೇಷನ್ ಇದ್ದರೆ ಅದಕ್ಕೆ ಸುಳ್ಳು ಹೇಳಬೇಡಿರಿ. ಜಾತ್ರೆಗೆ ಹೋಗೋಣ ಎಂದು ಆಸ್ಪತ್ರೆಗೆ ಕರೆದೊಯ್ದರೆ ಅದು ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ‘ನಿದ್ದೆ ಔಷಧಿ ಕೊಡ್ತಾರ, ಎದ್ದಾಗ ನೋವಾಗ್ತದ, ನೋವಿಗೂ ಔಷಧಿ ಅದ, ಎದ್ದಾಗ ನಾ ಇಲ್ಲೇ ಇರ್ತೀನಿ’ ಎಂದು ಇದ್ದದ್ದನ್ನು ಹೇಳಿರಿ. ಮನೆಗೆ ಬಂದ ಮೇಲೆ ಕೆಲವು ವಾರ ರಾತ್ರಿ ಚೀರಿ ಏಳಬಹುದು, ಹಾಸಿಗೆ ಒದ್ದೆ ಮಾಡಬಹುದು, ತಾಯಿಯ ಸೆರಗು ಬಿಡದಿರಬಹುದು. ಬಯ್ಯಬೇಡಿರಿ. ಮೈಯ ಗಾಯಕ್ಕಿಂತ ಮನಸ್ಸಿನ ಗಾಯ ನಿಧಾನವಾಗಿ ಮಾಯುತ್ತದೆ.

ಮನೆಯ ಉಳಿದ ಮಕ್ಕಳನ್ನು ಮರೆಯಬೇಡಿರಿ. ತಾಯಿ ತಿಂಗಳಾನುಗಟ್ಟಲೆ ಆಸ್ಪತ್ರೆಯಲ್ಲಿ ಇದ್ದಾಗ ಅಕ್ಕನೋ ಅಣ್ಣನೋ ನೆರೆಮನೆಯಲ್ಲಿ ಉಂಡು ಮಲಗಿರುತ್ತಾರೆ. ಅವರು ಏನೂ ಕೇಳುವುದಿಲ್ಲ. ಕೇಳದ ಮಗುವಿಗೆ ಹಸಿವಿಲ್ಲವೆಂದು ತಿಳಿಯಬಾರದು. ದಿನಕ್ಕೆ ಕಾಲು ತಾಸು ಆ ಮಗುವಿಗಾಗಿಯೇ ಕೂತುಕೊಳ್ಳಿರಿ. ಇನ್ನು ತಾಯಿ. ಅವಳು ನಿದ್ದೆಗೆಟ್ಟು ಊಟಬಿಟ್ಟು ಸವೆದರೆ ದೀಪಕ್ಕೆ ಎಣ್ಣೆಯಿಲ್ಲದಂತೆ. ಗಂಡಸರೇ, ದುಡ್ಡು ತಂದುಕೊಟ್ಟೆ, ಮುಗಿಯಿತು ಎನ್ನಬೇಡಿರಿ. ಔಷಧಿ ಕೊಡುವುದನ್ನು ನೀವೂ ಕಲಿಯಿರಿ, ರಾತ್ರಿಯ ಒಂದು ಪಾಳಿ ನೀವು ಕೂಡಿರಿ. ಅಂಥ ಕೂಸು ಹುಟ್ಟಿತೆಂದು ಹೆಂಡತಿಯನ್ನು ತವರಿಗೆ ಅಟ್ಟಿದವನು ಎಷ್ಟು ಸಲ ಲಿಂಗಪೂಜೆ ಮಾಡಿದರೇನು? ಆ ಪೂಜೆ ಮುಟ್ಟುವುದಿಲ್ಲ.

ಊರವರಿಗೂ ಒಂದು ಮಾತು. ಆಪರೇಷನ್ ಆದ ಕೂಸನ್ನು ನೋಡಲು ಹಿಂಡುಹಿಂಡಾಗಿ ಹೋಗಬೇಡಿರಿ, ಮುದ್ದಿಡಬೇಡಿರಿ; ನಿಮ್ಮ ನೆಗಡಿ ಅದಕ್ಕೆ ಮೃತ್ಯು. ಹಣ್ಣು ಕಾಯಿ ಹಿಡಿದು ಹೋಗುವ ಬದಲು ಅವರ ಎಮ್ಮೆ ಹಿಂಡಿರಿ, ಅವರ ಹೊಲಕ್ಕೆ ಒಂದು ದಿನ ನೀರು ಕಟ್ಟಿರಿ, ಆಸ್ಪತ್ರೆಯಲ್ಲಿ ಕಾದು ಕುಳಿತವರಿಗೆ ರೊಟ್ಟಿ ಕಟ್ಟಿ ಕಳಿಸಿರಿ. ಯುವಕರು ರಕ್ತ ಕೊಡಿರಿ. ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವುದಷ್ಟೇ ಅಲ್ಲ. ಇದೂ ದಾಸೋಹ.

ಕೊನೆಗೆ ಕಠಿಣವಾದ ಮಾತೊಂದನ್ನು ಹೇಳದೆ ಇರಲಾಗದು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಕೂಸುಗಳು ಉಳಿಯುವುದಿಲ್ಲ. ಕೆಲವು ಕೂಸುಗಳಿಗೆ ಆಪರೇಷನ್ ಮಾಡುವ ಹಾಗೆಯೇ ಇರುವುದಿಲ್ಲ. 1944ರಲ್ಲಿ ಮೊದಲು ಶಸ್ತ್ರಕ್ರಿಯೆ ಆದ ಆ ಹೆಣ್ಣುಕೂಸೂ ಬಹುಕಾಲ ಬದುಕಲಿಲ್ಲ. ಹಾಗಾದರೆ ಪಟ್ಟ ಶ್ರಮ ವ್ಯರ್ಥವೇ? ಫಲ ಬಂದರೆ ಮಾತ್ರ ಸೇವೆ, ಇಲ್ಲದಿದ್ದರೆ ನಷ್ಟ ಎನ್ನುವುದು ಅಂಗಡಿಯ ಲೆಕ್ಕ. ಕೂಸು ಇದ್ದ ದಿನಗಳಲ್ಲಿ ಅದರ ನೋವು ಕಡಿಮೆಯಾಯಿತೇ, ಅದು ಬೆಚ್ಚಗಿನ ತೋಳಿನಲ್ಲಿ ಮಲಗಿತೇ, ಅದರ ಕಣ್ಣು ತೆರೆದಾಗ ನಿಮ್ಮ ಮುಖ ಕಂಡಿತೇ? ಅಷ್ಟು ಆಗಿದ್ದರೆ ನಿಮ್ಮ ಪೂಜೆ ಪೂರ್ಣವಾಯಿತು. ಕೂಸನ್ನು ಕಳೆದುಕೊಂಡ ತಾಯಿಗೆ ‘ಹೋಗಲಿ ಬಿಡು, ಇದ್ದಿದ್ದರೂ ಕಷ್ಟವೇ ಇತ್ತು’ ಎಂದು ಯಾರೂ ಹೇಳಬಾರದು. ಅದು ಸಾಂತ್ವನವಲ್ಲ, ಇನ್ನೊಂದು ಕೊಯ್ತ. ಸುಮ್ಮನೆ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿರಿ.

ಬಂಧುಗಳೇ, ದೇವರು ಎಲ್ಲಿದ್ದಾನೆಂದು ಹುಡುಕುತ್ತ ಜನ ಬೆಟ್ಟ ಹತ್ತುತ್ತಾರೆ, ಹೊಳೆ ದಾಟುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು, ಗೆರೆ ನೋಡಿ ಔಷಧಿ ತೆಗೆದು, ಬೇನೆಯ ಕೂಸಿನ ತುಟಿಗೆ ಹನಿಹನಿಯಾಗಿ ಬಿಡುವ ಆ ಕೈಯನ್ನು ನೋಡಿರಿ. ಅದರಲ್ಲಿ ಆತುರವಿಲ್ಲ, ಬೇಸರವಿಲ್ಲ, ಪ್ರತಿಫಲದ ಆಸೆಯಿಲ್ಲ. ಪೂಜೆಗೆ ಇನ್ನೇನು ಬೇಕು? ಇಂಥ ಕೂಸು ಇರುವ ಮನೆಯವರು ಧೈರ್ಯವಾಗಿರಿ. ಇಲ್ಲದ ಮನೆಯವರು ಅವರ ಬೆನ್ನಿಗೆ ನಿಲ್ಲಿರಿ. ಡಾಕ್ಟರು ಹೇಳಿದ ತಾರೀಕನ್ನು ಯಾರೂ ತಪ್ಪಿಸಬೇಡಿರಿ. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.